ಶರಾವತಿಯ ನಡುವೆ ಉಬ್ಬಿದ ಗೆರೆ

ಹೋದ ತಿಂಗಳು ಭಟ್ಕಳದಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದ ಸೀಟಿನ ತರುಣನೊಬ್ಬ ದಾರಿಯುದ್ದಕ್ಕೂ ಮೊಬೈಲಿನಲ್ಲಿ "ಹಲೋ, ಕೇಳ್ತದ್ಯಾ? ಕೇಳ್ತದ್ಯಾ?" ಎಂದು ಕೂಗುತ್ತಲೇ ಇದ್ದ. ಕಾಸರಕೋಡ ದಾಟಿ ಬಸ್ಸು ಶರಾವತಿಯ ಸೇತುವೆ ಹತ್ತಿದ್ದೇ ತಡ, ಅವನ ದನಿ ತಣ್ಣಗಾಯಿತು. ಮಾತು ಮುಗಿಸಿ ನನ್ನ ಕಡೆ ತಿರುಗಿ, "ಈ ಹೊಳೆ ಮೇಲೆ ಬಂದ್ರೆ ಸಿಗ್ನಲ್ ಚಲೋ ಸಿಕ್ತದೆ ನೋಡಿ. ಎಂತಕೆ ಅಂತ ಯಾರಿಗೂ ಗೊತ್ತಿಲ್ಲ" ಎಂದ. ನಾನು ಜೋರಾಗಿ ನಕ್ಕುಬಿಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಕಿಟಕಿಯ ಕಡೆ ಸರಿದು ಕೂತ. ತೆರೆದ ಕಿಟಕಿಯಿಂದ ಉಪ್ಪುಗಾಳಿ, ಅದರ ಜೊತೆ ಒಣಮೀನಿನ ವಾಸನೆ ಒಳಗೆ ಬಂತು. ಸೇತುವೆ ದಾಟುವಷ್ಟರಲ್ಲಿ ನಾನು ಇಪ್ಪತ್ಮೂರರ ಹುಡುಗನಾಗಿದ್ದೆ.

ಅರವತ್ತರ ದಶಕದ ಆರಂಭದ ಮಾತು. ಆಗ ಈ ಸೇತುವೆ ಇರಲಿಲ್ಲ. ನಾನು ಗದಗದ ಕಡೆಯವ, ಫಿಸಿಕ್ಸ್ ಬಿಎಸ್ಸಿ ಮುಗಿಸಿ ರೇಡಿಯೋ ಇಲಾಖೆಯಲ್ಲಿ ತಾಂತ್ರಿಕ ಸಹಾಯಕನಾಗಿ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಘಟ್ಟದ ಮೇಲೆ ನಮ್ಮ ಸ್ಟೇಷನ್ನು. ಅದರ ದನಿ ಎಲ್ಲಿಯವರೆಗೆ ಸ್ಪಷ್ಟವಾಗಿ ಕೇಳುತ್ತದೆ ಎಂದು ನಮ್ಮ ಸಾಹೇಬರು ಕಾಗದದ ಮೇಲೆ ಲೆಕ್ಕ ಹಾಕಿ, ನಕಾಶೆಯ ಮೇಲೆ ಕೆಂಪು ಮಸಿಯಲ್ಲಿ ಒಂದು ವೃತ್ತ ಎಳೆದಿದ್ದರು. ಕುಮಟಾ, ಹೊನ್ನಾವರ ವೃತ್ತದ ಒಳಗೆ ಆರಾಮವಾಗಿ ಕೂತಿದ್ದವು. ಭಟ್ಕಳ ಗೆರೆಯ ಅಂಚಿನಲ್ಲಿ ಕಾಲು ಮಡಚಿಕೊಂಡಿತ್ತು. ಸಾಹೇಬರು ಲೆಕ್ಕದಲ್ಲಿ ಗಟ್ಟಿಗರು. ಸಮುದ್ರವನ್ನು ಮಾತ್ರ ಕ್ಯಾಲೆಂಡರಿನಲ್ಲಿ ನೋಡಿದವರು. ಆ ಲೆಕ್ಕ ನೆಲದ ಮೇಲೆ ಎಷ್ಟು ನಿಜ, ಎಲ್ಲಿ ಎಷ್ಟು ತಿದ್ದಬೇಕು ಎಂದು ಊರೂರಿಗೆ ಹೋಗಿ ಅಳೆದು ತರುವ ಕೆಲಸಕ್ಕೆ ನನ್ನನ್ನು ದೀಪಾವಳಿ ಕಳೆದ ಮೇಲೆ ಘಟ್ಟ ಇಳಿಸಿದರು.

ನನ್ನ ಜೊತೆ ಒಂದು ಜೀಪು, ಒಂದು ಅಳತೆಯ ಪೆಟ್ಟಿಗೆ, ಮತ್ತು ಡ್ರೈವರ್ ಇಸ್ಮಾಯಿಲ್. ಇಸ್ಮಾಯಿಲ್ ಭಟ್ಕಳದವ, ನನಗಿಂತ ಹತ್ತು ವರ್ಷ ದೊಡ್ಡವ, ಮನೆಯಲ್ಲಿ ನವಾಯತಿ, ರಸ್ತೆಯಲ್ಲಿ ಕನ್ನಡ, ಜೀಪು ಕೆಟ್ಟಾಗ ಉರ್ದು ಮಾತಾಡುವವ. ಜೀಪಿನ ಹಿಂಭಾಗದಲ್ಲಿ ಜರಡಿಯಷ್ಟು ಅಗಲದ ತಾಮ್ರದ ಬಳೆಯೊಂದನ್ನು ನಿಲ್ಲಿಸಿದ್ದೆವು. ಅದೇ ಏರಿಯಲ್ಲು. ಬಳೆಯನ್ನು ಮೆಲ್ಲಗೆ ತಿರುಗಿಸಿದರೆ ಸ್ಟೇಷನ್ನಿನ ದಿಕ್ಕಿಗೆ ಸರಿಯಾಗಿ ಬಂದಾಗ ಪೆಟ್ಟಿಗೆಯ ಮುಳ್ಳು ಮೇಲೇಳುತ್ತದೆ. ಆ ಅಂಕಿ ಬರೆದುಕೊಳ್ಳುವುದು, ಸಾಹೇಬರ ಲೆಕ್ಕದ ಅಂಕಿಯ ಪಕ್ಕದಲ್ಲಿ ಇಡುವುದು, ಎರಡು ಮೈಲಿ ಮುಂದೆ ಹೋಗಿ ಮತ್ತೆ ಅದೇ ಕೆಲಸ. ಎಲ್ಲಿ ನಿಲ್ಲಬೇಕೆಂಬುದನ್ನು ನಾನು ಇಸ್ಮಾಯಿಲ್‌ಗೆ ಬಿಟ್ಟಿದ್ದೆ. ಅವನು ನೆರಳಿರುವಲ್ಲಿ, ರಸ್ತೆ ಅಗಲವಿರುವಲ್ಲಿ, ಸಾಧ್ಯವಾದರೆ ಚಹಾದ ಅಂಗಡಿಯ ಎದುರಿಗೆ ನಿಲ್ಲಿಸುತ್ತಿದ್ದ. ಇದರಲ್ಲಿ ಏನೋ ತಪ್ಪಿರಬಹುದು ಎಂದು ನನ್ನ ಬಿಎಸ್ಸಿಗೆ ಹೊಳೆಯಲಿಲ್ಲ.

ಭಟ್ಕಳದಲ್ಲಿ ಮೊದಲ ಅನುಭವವಾಯಿತು. ಆಗ ಮನೆಯಲ್ಲಿ ರೇಡಿಯೋ ಇಡಲು ಪೋಸ್ಟಾಫೀಸಿನಿಂದ ಲೈಸೆನ್ಸು ತೆಗೆಯಬೇಕಿತ್ತು. ಲೈಸೆನ್ಸಿಲ್ಲದವರು ಎಷ್ಟು ಜನ ಎಂದು ದೇವರಿಗೇ ಗೊತ್ತು. ಜೀಪಿನ ಮೇಲೆ ತಾಮ್ರದ ಬಳೆ ತಿರುಗುವುದನ್ನು ಕಂಡ ಊರು ಒಂದೇ ತೀರ್ಮಾನಕ್ಕೆ ಬಂತು: ಈ ಬಳೆ ಗೋಡೆಯಾಚೆಗಿನ ಕಳ್ಳ ರೇಡಿಯೋವನ್ನು ಹಿಡಿಯುತ್ತದೆ. ನಾವು ಒಂದು ಕೇರಿಯಿಂದ ಮುಂದಿನ ಕೇರಿಗೆ ಹೋಗುವ ಮುಂಚೆಯೇ ಸುದ್ದಿ ಹೋಗಿರುತ್ತಿತ್ತು. ಹಾಡುತ್ತಿದ್ದ ಮನೆಗಳೆಲ್ಲ ಮೂಕವಾಗುತ್ತಿದ್ದವು. "ನಿಮ್ಮಲ್ಲಿ ನಮ್ಮ ಸ್ಟೇಷನ್ನು ಹ್ಯಾಂಗ ಕೇಳಸ್ತೈತ್ರೀ?" ಎಂದು ನಾನು ವಿನಯದಿಂದ ಕೇಳಿದರೆ, "ರೇಡಿಯೋ ಅಂದ್ರೆ ಎಂತದು?" ಎಂದು ಅಷ್ಟೇ ವಿನಯದಿಂದ ತಿರುಗಿ ಕೇಳುತ್ತಿದ್ದರು.

ಇಸ್ಮಾಯಿಲ್‌ಗೆ ಇದು ಮಾನದ ಪ್ರಶ್ನೆಯಾಯಿತು. ತನ್ನ ಸ್ವಂತ ಅಕ್ಕನ ಮನೆಗೆ ಕರೆದುಕೊಂಡು ಹೋದ. ಭಾವ ಕೊಲಂಬೊದಲ್ಲಿ ವ್ಯಾಪಾರ ಮಾಡಿ ಬಂದವರು. ನಮ್ಮನ್ನು ಕೂರಿಸಿ, ಶರಬತ್ತು ಕೊಟ್ಟು, ಮನೆಯಲ್ಲಿ ರೇಡಿಯೋ ಎಂಬ ವಸ್ತುವೇ ಇಲ್ಲ ಎಂದು ಹಣೆ ಮುಟ್ಟಿಕೊಂಡು ಹೇಳಿದರು. ಅವರ ಮಾತು ಇನ್ನೂ ಮುಗಿದಿರಲಿಲ್ಲ, ಮೂಲೆಯಲ್ಲಿದ್ದ ಅಕ್ಕಿಯ ಪೆಟ್ಟಿಗೆಯೊಳಗಿಂದ ಹೆಂಗಸೊಬ್ಬಳು ಹಿಂದಿಯಲ್ಲಿ ಹಾಡತೊಡಗಿದಳು. ಅವಸರದಲ್ಲಿ ಅಡಗಿಸಿದವರು ಬಂದ್ ಮಾಡಲು ಮರೆತಿದ್ದರು. ನಾವು ಮೂವರೂ ಶರಬತ್ತಿನ ಲೋಟ ಹಿಡಿದುಕೊಂಡು ಹಾಡು ಮುಗಿಯುವವರೆಗೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಕೊನೆಗೆ ಇಸ್ಮಾಯಿಲ್, "ಭಾವಾ, ನಿಮ್ಮ ಅಕ್ಕಿ ಚಲೋ ಹಾಡ್ತದೆ" ಎಂದ. ಅದರ ಮೇಲೆ ಭಾವನವರು ನಕ್ಕು, ಅಕ್ಕಿ ಕೊಡವಿ, ಅಂಗೈಯಗಲದ ಹೊಸ ಟ್ರಾನ್ಸಿಸ್ಟರನ್ನು ಹೊರತೆಗೆದರು. ಅಂಥದನ್ನು ನಾನೂ ಅದೇ ಮೊದಲು ನೋಡಿದ್ದು. ಮರುದಿನವೇ ಅವರು ಲೈಸೆನ್ಸು ತೆಗೆದರಂತೆ.

ಇರಲು ನನಗೆ ಜಾಗ ಸಿಕ್ಕಿದ್ದು ಹೊನ್ನಾವರದ ಪಕ್ಕದ ಕರ್ಕಿಯಲ್ಲಿ, ಶಾಲೆಯ ಮಾಸ್ತರು ವೆಂಕಟ್ರಮಣರ ಮನೆಯ ಜಗುಲಿಯ ಕೋಣೆ. ಮಾಸ್ತರು ಹಗಲು ಮಗ್ಗಿ ಕಲಿಸುವವರು, ಸಂಜೆ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವರು. ಊಟಕ್ಕೆ ಕೂತಾಗಲೂ ಅವರ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವರ ಹೆಂಡತಿ ಭಾಗೀರಥಕ್ಕ ನನ್ನನ್ನು ಬಂದ ದಿನದಿಂದಲೇ "ತಮಾ" ಎಂದು ಕರೆದು, ಮೀನು ತಿನ್ನದ ಗದಗಿನವನಿಗೆ ದಿನಕ್ಕೊಂದು ಬಗೆಯ ತಂಬುಳಿ ಮಾಡಿ ಬಡಿಸಿದರು. ಮೂರನೆಯ ದಿನಕ್ಕೆ ಮನೆಯ ಕಥೆಯೂ ಬಡಿಸಲ್ಪಟ್ಟಿತು.

ಭಾಗೀರಥಕ್ಕನ ತಂದೆ ಸುಬ್ರಾಯ ಭಾಗವತರು ಹೊಳೆಯಾಚೆ ಕಾಸರಕೋಡದಲ್ಲಿದ್ದರು. ಆ ಕಾಲಕ್ಕೆ ಹೆಸರಾದ ಹಾಡುಗಾರರು. ಮದುವೆಯಾದ ಎರಡನೆಯ ವರ್ಷ, ಚೌತಿಯ ಸಂಜೆ ಅವರ ಜಗುಲಿಯಲ್ಲಿ ತಾಳಮದ್ದಳೆ. ಮಾವನ ಪದ, ಅಳಿಯನ ಮದ್ದಳೆ. ಝಂಪೆ ತಾಳದ ಒಂದು ಯುದ್ಧದ ಪದ. ಮುಕ್ತಾಯಕ್ಕೆ ಬರುವಾಗ ಪದ ಒಂದು ಕಡೆ, ಮದ್ದಳೆ ಇನ್ನೊಂದು ಕಡೆ ಹೋಗಿ ನಿಂತವು. ಊರವರೆಲ್ಲರ ಎದುರಿಗೆ ಭಾಗವತರು, "ತಾಳ ತಪ್ಪೂ ಮದ್ದಳೆಗಾರ ನನ್ನ ಜಗುಲಿಗೆ ಬೇಡ" ಎಂದರು. ಮಾಸ್ತರು ಎದ್ದು ನಿಂತು, "ತಪ್ಪಿದ್ದು ಪದ, ಮದ್ದಳೆ ಅಲ್ಲ" ಎಂದರು. ಅಂದಿನಿಂದ ಹನ್ನೆರಡು ವರ್ಷ ಅಳಿಯ ಮಾವನ ಮೆಟ್ಟಿಲು ತುಳಿದಿಲ್ಲ, ಮಾವ ಅಳಿಯನ ಮೆಟ್ಟಿಲು ತುಳಿದಿಲ್ಲ. ಅವರಿಬ್ಬರ ಮಾತುಕತೆಯೆಲ್ಲ ಭಾಗೀರಥಕ್ಕನ ಬಾಯಲ್ಲಿ, ತಿಂಗಳಿಗೆ ಎರಡು ಸಲ ತಾರಿಯ ದೋಣಿಯಲ್ಲಿ ಹೊಳೆ ದಾಟಿ ನಡೆಯುತ್ತಿತ್ತು.

ನಾನು ಹೋಗಿ ಎರಡು ವಾರಕ್ಕೆ ಮಾಸ್ತರಿಗೆ ನಮ್ಮ ಸ್ಟೇಷನ್ನಿನಿಂದ ಒಂದು ಕಾರ್ಡು ಬಂತು. ಮಳೆಗಾಲದ ಮುಂಚೆ ಅವರು ಘಟ್ಟ ಹತ್ತಿ ಹೋಗಿ ಬೇರೊಬ್ಬ ಭಾಗವತರ ಪದಕ್ಕೆ ಮದ್ದಳೆ ಬಾರಿಸಿ ಧ್ವನಿಮುದ್ರಣ ಮಾಡಿಸಿ ಬಂದಿದ್ದರು. ಅದು ಬರುವ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಮೂರೂವರೆಗೆ ಪ್ರಸಾರವಾಗುತ್ತದೆ ಎಂದು ಕಾರ್ಡಿನಲ್ಲಿತ್ತು. ಝಂಪೆ ತಾಳ. ಭಾಗೀರಥಕ್ಕ ಅದೇ ದಿನ ಸೀರೆ ಬದಲಿಸಿ ತಾರಿ ದಾಟಿದರು. ಸಂಜೆ ಬರುವಾಗ ಅವರ ಮುಖ ಬೇರೆಯೇ ಆಗಿತ್ತು.

"ಅಪ್ಪ ಕೇಳ್ತೆ ಅಂದ, ತಮಾ. 'ರೇಡಿಯೋದವರು ಸುಮ್ನೆ ಕರೂದಿಲ್ಲ. ಸಮ ಇದ್ರೆ ಸಮ ಅಂತ ನಾನೇ ಹೇಳ್ತೆ' ಅಂದ. ಅವನ ಬಾಯಲ್ಲಿ ಅದೊಂದು ಮಾತು ಬಂದ್ರೆ ಮುಗೀತು. ಈ ತಾರಿ ದಾಟಿ ದಾಟಿ ನಂಗೆ ಸಾಕಾಗಿ ಹೋತು. ಆದ್ರೆ ಇಲ್ಲಿ ನಿಮ್ಮ ಸ್ಟೇಷನ್ ಕೇಳೂದೇ ಇಲ್ಲ. ಆಚೆಮನೆ ರೇಡಿಯೋದಲ್ಲಿ ಬರೀ ಸುಂಯ್ ಅಂತದೆ."

ನಾನು ಕೋಣೆಗೆ ಹೋಗಿ ನಕಾಶೆ ತಂದು ಜಗುಲಿಯ ಮೇಲೆ ಹಾಸಿದೆ. ಕೆಂಪು ಗೆರೆಯ ಒಳಗೆ ಕರ್ಕಿ ಎಷ್ಟು ಒಳಗಿದೆ ಎಂದು ಬೆರಳಿಟ್ಟು ತೋರಿಸಿದೆ. ನನ್ನ ಅಳತೆಗಳೂ ಸಾಹೇಬರ ಲೆಕ್ಕಕ್ಕೆ ಸರಿಯಾಗಿ ಹೊಂದಿದ್ದವು. "ಆಚೆಮನಿ ರೇಡಿಯೋ ಕೆಟ್ಟಿರಬೇಕ್ರೀ ಅಕ್ಕಾ. ನಿಮ್ಮ ಮನ್ಯಾಗ ಗಂಟಿ ಹೊಡದಂಗ ಕೇಳಸ್ತೈತಿ. ನಾ ಹೇಳ್ತೀನಿ" ಎಂದೆ. ಇಸ್ಮಾಯಿಲ್ ಭಾವನ ಟ್ರಾನ್ಸಿಸ್ಟರ್ ತರಿಸುತ್ತೇನೆಂದ. ಭಾಗೀರಥಕ್ಕ ನಕಾಶೆಯನ್ನೂ ನನ್ನನ್ನೂ ನೋಡಿ, "ಆತು" ಎಂದರು.

ಈಗ ಕೇಳುವುದು ಎಲ್ಲಿ ಎಂಬ ಪ್ರಶ್ನೆ ಬಂತು. ಮಾವ ಕರ್ಕಿಗೆ ಬರುವುದಿಲ್ಲ. ಅಳಿಯ ಕಾಸರಕೋಡಕ್ಕೆ ಹೋಗುವುದಿಲ್ಲ. ಬೇರೆ ಬೇರೆ ಕೇಳಿದರೆ ಭಾಗವತರು "ಸಮ ಇತ್ತು" ಎಂದದ್ದನ್ನು ಮಾಸ್ತರು ಕಿವಿಯಾರೆ ಕೇಳಬೇಡವೇ? ಹೆಂಡತಿಯ ಬಾಯಿಂದ ಬಂದರೆ ನಂಬುವುದಿಲ್ಲ ಎಂದು ಮಾಸ್ತರು ಮೊದಲೇ ಹೇಳಿಬಿಟ್ಟಿದ್ದರು. ಕೊನೆಗೆ ಹೊನ್ನಾವರದಲ್ಲಿ ತಾರಿಯ ದೋಣಿ ನಿಲ್ಲುವ ಧಕ್ಕೆಯಲ್ಲಿರುವ ಚಹಾದ ಅಂಗಡಿ ಎಂದು ಗೊತ್ತಾಯಿತು. ಅದು ಯಾರ ಮೆಟ್ಟಿಲೂ ಅಲ್ಲ.

ಇದರ ನಡುವೆ ನನ್ನ ಅಳತೆ ಸಾಗಿತ್ತು. ಬಾಡದ ಸಮುದ್ರದಂಡೆಯಲ್ಲಿ ಎರಡು ದಿನ ಉಪ್ಪುಗಾಳಿ ತಿಂದು ಬಳೆಯ ಕೀಲು ತುಕ್ಕು ಹಿಡಿಯಿತು. ಎಷ್ಟು ಎಣ್ಣೆ ಹಾಕಿದರೂ ಅಲ್ಲಾಡಲಿಲ್ಲ. ಬಳೆ ತಿರುಗದಿದ್ದರೆ ಜೀಪನ್ನೇ ತಿರುಗಿಸೋಣ ಎಂದ ಇಸ್ಮಾಯಿಲ್. ಅಂದಿನಿಂದ ನಾನು ಪೆಟ್ಟಿಗೆಯ ಮುಂದೆ ಕೂತು "ಸ್ವಲ್ಪ ಎಡಕ್ಕ, ಇನ್ನೂ ಸ್ವಲ್ಪ" ಎನ್ನುವುದು, ಅವನು ಜೀಪನ್ನು ಹಿಂದೆ ಮುಂದೆ ಮಾಡಿ ಅಷ್ಟಷ್ಟೇ ಹೊರಳಿಸುವುದು. ಹಿರೇಗುತ್ತಿಯಲ್ಲಿ ಗದ್ದೆಯಿಂದ ಬರುತ್ತಿದ್ದ ನಾಲ್ಕು ಜನ ಅರ್ಧ ಗಂಟೆ ನಿಂತು ನೋಡಿ, ಡ್ರೈವರು ಹೊಸಬ, ಕಲಿಯುತ್ತಿದ್ದಾನೆ ಎಂದು ಸಮಾಧಾನ ಹೇಳಿ ಹೋದರು. ಇಸ್ಮಾಯಿಲ್ ಆ ದಿನ ಊಟ ಮಾಡಲಿಲ್ಲ.

ವಿಚಿತ್ರ ನಡೆದದ್ದು ಶರಾವತಿಯಲ್ಲಿ. ಭಟ್ಕಳದ ಕಡೆ ಹೋಗಲು ಜೀಪನ್ನು ಜಂಗಲ್ ಮೇಲೆ ಹತ್ತಿಸಬೇಕು. ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ತೆಪ್ಪ ಅದು. ನನಗೆ ಈಜು ಬಾರದು. ಗದಗದಲ್ಲಿ ಕಲಿಯಲು ನೀರೂ ಇರಲಿಲ್ಲ. ಆದ್ದರಿಂದ ಹೊಳೆ ದಾಟುವಾಗಲೆಲ್ಲ ನೀರು ನೋಡದೆ ಪೆಟ್ಟಿಗೆಯ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದೆ. ಒಂದು ದಿನ ಹೊಳೆಯ ನಡುವೆ ಮುಳ್ಳು ಒಮ್ಮೆಲೇ ಮೇಲೆದ್ದಿತು. ಹೊನ್ನಾವರಕ್ಕಿಂತ ಇದು ಸ್ಟೇಷನ್ನಿನಿಂದ ಇನ್ನೂ ದೂರ. ದೂರ ಹೋದಂತೆ ದನಿ ಕುಗ್ಗಬೇಕಲ್ಲದೆ ಹಿಗ್ಗಬಾರದು. ಮೂರು ಸಲ ದಾಟಿ ನೋಡಿದೆ. ಮೂರು ಸಲವೂ ಅದೇ. ಸಾಹೇಬರಿಗೆ ಬರೆದೆ. ವಾರದಲ್ಲಿ ಉತ್ತರ ಬಂತು: "ಇದು ಶಾಸ್ತ್ರಕ್ಕೆ ವಿರುದ್ಧ. ಉಪಕರಣವನ್ನು ಪರೀಕ್ಷಿಸಿ. ಉಪಕರಣ ಸರಿಯಿದ್ದರೆ ನಿಮ್ಮನ್ನು ಪರೀಕ್ಷಿಸಿಕೊಳ್ಳಿ."

ಆ ಕಾಗದ ಹಿಡಿದುಕೊಂಡು ಧಕ್ಕೆಯಲ್ಲಿ ಕೂತಿದ್ದಾಗ ಜಂಗಲ್ ನಡೆಸುವ ತಿಮ್ಮಣ್ಣ ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ಬಂದ. ಅವನು ಒಂದು ತಿಂಗಳಿಂದ ನಮ್ಮ ಜೀಪು ಹತ್ತಿಸಿ ಇಳಿಸಿದವ, ನಮ್ಮ ಆಟವನ್ನೆಲ್ಲ ನೋಡಿದವ.

"ಸಾಯೇಬ್ರೆ, ಒಂದು ಕೇಳ್ಲಾ? ನೀವು ಎಲ್ಲಿ ನಿಂತ್ರೂ ಟೆಲಿಗ್ರಾಮಿನ ತಂತಿ ಕೆಳಗೇ ನಿಲ್ತ್ರಲ್ಲ. ಅದು ಎಂತಕೆ? ಶಾಸ್ತ್ರವಾ?"

ನಾನು ತಲೆಯೆತ್ತಿ ನೋಡಿದೆ. ಜೀಪಿನ ಮೇಲೆ, ಬಳೆಯಿಂದ ಎರಡಾಳು ಎತ್ತರದಲ್ಲಿ, ಕುಮಟಾದಿಂದ ಭಟ್ಕಳದವರೆಗೆ ರಸ್ತೆಯ ಗುಂಟ ಹೋಗುವ ತಂತಿಗಳು ಬಿಸಿಲಿಗೆ ಮಿನುಗುತ್ತಿದ್ದವು. ಉದ್ದನೆಯ ತಂತಿ ಸುತ್ತಲಿನ ಸಿಗ್ನಲನ್ನೆಲ್ಲ ಹಿಡಿದು ತನ್ನ ಕೆಳಗೆ ಚೆಲ್ಲುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ಪಡೆದಿದ್ದೆ. ಚಹಾದ ಅಂಗಡಿಗಳೆಲ್ಲ ರಸ್ತೆಯ ಪಕ್ಕ. ತಂತಿಯೂ ರಸ್ತೆಯ ಪಕ್ಕ. ನಾನು ಒಂದು ತಿಂಗಳು ಅಳೆದದ್ದು ನಮ್ಮ ಸ್ಟೇಷನ್ನನ್ನಲ್ಲ, ತಂತಿ ಇಲಾಖೆಯನ್ನು.  ಇಸ್ಮಾಯಿಲ್‌ನನ್ನು ಎಬ್ಬಿಸಿ ಕರ್ಕಿಗೆ ಓಡಿಸಿ, ಮಾಸ್ತರ ಮನೆಯ ಹಿಂದಿನ ಬಯಲಿಗೆ ಜೀಪು ಇಳಿಸಿ ಅಳೆದೆ. ಮುಳ್ಳು ಮಲಗಿತ್ತು. ಎಷ್ಟು ಹೊರಳಿಸಿದರೂ ಏಳಲಿಲ್ಲ.

ಪ್ರಸಾರಕ್ಕೆ ಎಂಟು ದಿನ ಉಳಿದಿತ್ತು. ಭಾಗೀರಥಕ್ಕ ಬಾವಿಕಟ್ಟೆಯಲ್ಲಿದ್ದರು. ನಾನು ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ನಿಮ್ಮ ಮನೆಯಲ್ಲಿ ಕೇಳುವುದಿಲ್ಲ, ಆಚೆಮನೆಯ ರೇಡಿಯೋ ಕೆಟ್ಟಿಲ್ಲ, ನಕಾಶೆ ಸುಳ್ಳು, ನಾನು ಹೇಳಿದ್ದೂ ಸುಳ್ಳು. ಇಷ್ಟು ನಾಚಿಕೆ ನನಗೆ ಪರೀಕ್ಷೆಯಲ್ಲಿ ಫೇಲಾಗಿದ್ದರೂ ಆಗುತ್ತಿರಲಿಲ್ಲ. ಅವರು ಕೊಡ ಕೆಳಗಿಟ್ಟು, "ಅಪ್ಪನಿಗೆ ಹೇಳಿ ಆಯ್ತಲ್ಲ ತಮಾ. ಅವ ಹೊಸ ಪಂಚೆ ತೆಗ್ದಿಟ್ಟಿದ್ದಾನೆ" ಎಂದರು. ಅಷ್ಟೇ ಹೇಳಿ ಮತ್ತೆ ಕೊಡ ಎತ್ತಿಕೊಂಡರು.

"ಚಹಾದ ಅಂಗಡಿ ತಂತಿ ಕೆಳಗೇ ಇದೆಯಲ್ಲ, ಅಲ್ಲಿ ಕೇಳ್ಬಹುದಲ್ಲ?" ಎಂದರು ಶಾಲೆಯಿಂದ ಬಂದು ಸುದ್ದಿ ಕೇಳಿದ ಮಾಸ್ತರು. ಹೋಗಿ ಪರೀಕ್ಷಿಸಿದೆವು. ದನಿಯೇನೋ ಬಂತು. ಅದರೊಡನೆ ತಂತಿಯಲ್ಲಿ ಹೋಗುವ ಟೆಲಿಗ್ರಾಮುಗಳ ಕಟಕಟ ಸದ್ದೂ ಬಂತು. ಮಾಸ್ತರು ಗಾಬರಿಯಾಗಿ, "ಬೇಡ, ಬೇಡ! ಯಾರದೋ ಮದ್ವೆ ಸುದ್ದಿ ನನ್ನ ಮದ್ದಳೆ ಲೆಕ್ಕಕ್ಕೆ ಬತ್ತದೆ" ಎಂದರು. ಆಗ ಉಳಿದದ್ದು ಒಂದೇ ಜಾಗ. ತಂತಿಯಿಲ್ಲದ, ಮರವಿಲ್ಲದ, ಮುಳ್ಳು ತಾನಾಗಿ ಏಳುವ ಜಾಗ. ಶಾಸ್ತ್ರಕ್ಕೆ ವಿರುದ್ಧವಾದದ್ದು.

ತಿಮ್ಮಣ್ಣನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನಿಗೆ ಯಕ್ಷಗಾನದ ಹುಚ್ಚು. ಆಕಾಶ ನೋಡಿ, ಹೊಳೆ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿದ. "ಆ ದಿನ ಮೂರೂವರೆಗೆ ನೀರು ತುಂಬಿ ನಿಲ್ತದೆ. ಲಂಗರು ಹಾಕಿದ್ರೆ ಜಂಗಲ್ ಅಲ್ಲಾಡೂದಿಲ್ಲ. ನಾಲ್ಕಕ್ಕೆ ನೀರು ತಿರುಗ್ತದೆ, ಆಗ ನಾನು ಜವಾಬ್ದಾರನಲ್ಲ." ಹದಿನೈದು ನಿಮಿಷದ ಕಾರ್ಯಕ್ರಮ. ಬೇಕಾದಷ್ಟಾಯಿತು ಎಂದೆವು.

ಆ ಭಾನುವಾರ ಜಂಗಲ್ ಮೇಲೆ ಜೀಪು, ಅದರ ಮೂತಿ ಈಶಾನ್ಯಕ್ಕೆ, ಸ್ಟೇಷನ್ನಿನ ದಿಕ್ಕಿಗೆ. ಬಳೆಯ ತಂತಿಯನ್ನು ಟ್ರಾನ್ಸಿಸ್ಟರಿಗೆ ನಾಲ್ಕು ಸುತ್ತು ಸುತ್ತಿ ಬಾನೆಟ್ಟಿನ ಮೇಲೆ ಇಟ್ಟಿದ್ದೆ. ಇಸ್ಮಾಯಿಲ್, ಮಾಸ್ತರು, ಭಾಗೀರಥಕ್ಕ, ತಿಮ್ಮಣ್ಣನ ಕಡೆಯ ನಾಲ್ವರು, ಮತ್ತು ಇದೇನೂ ಗೊತ್ತಿಲ್ಲದೆ ಎಂದಿನ ಹಾಗೆ ತಾರಿ ದಾಟಲು ಹತ್ತಿದ ಐದಾರು ಮಂದಿ. ಅವರಲ್ಲಿ ಒಣಮೀನಿನ ಬುಟ್ಟಿಯ ಹೆಂಗಸೊಬ್ಬಳು ನನ್ನ ಪಕ್ಕದಲ್ಲೇ ಕೂತಳು. ಹೊಳೆಯ ನಡುವೆ ಲಂಗರು ಹಾಕಿದಾಗ ಕಾಸರಕೋಡದ ಕಡೆಯಿಂದ ಸಣ್ಣ ದೋಣಿಯೊಂದರಲ್ಲಿ ಕೊಡೆ ಬಿಚ್ಚಿಕೊಂಡು ಸುಬ್ರಾಯ ಭಾಗವತರು ಬಂದರು. ಹೊಸ ಪಂಚೆ, ಹೆಗಲ ಮೇಲೆ ಶಾಲು. ಒಂದು ಕಾಲು ಹಲಗೆಯ ಮೇಲಿಟ್ಟು ನಿಂತು ಕೇಳಿದರು: "ಇದು ಯಾರ ಮೆಟ್ಟಿಲೂ ಅಲ್ಲ, ಅಲ್ದನಾ?"

"ಅಲ್ಲ ಭಾಗವತ್ರೆ. ಬರೀ ಹಲಗೆ" ಎಂದ ತಿಮ್ಮಣ್ಣ.

ಭಾಗವತರು ಹತ್ತಿ ಜೀಪಿನ ಮುಂದೆ ಕೂತರು. ಮಾಸ್ತರು ಜೀಪಿನ ಹಿಂದೆ ಕೂತರು. ಭಾಗೀರಥಕ್ಕ ನಡುವೆ ಬಾಗಿಲಿಗೆ ಒರಗಿ ನಿಂತರು. ಮೂರೂವರೆಗೆ ರೇಡಿಯೋ ತಿರುಗಿಸಿದೆ. ಗಂಟೆ ಹೊಡೆದ ಹಾಗೆ ಕೇಳಿತು. ಆದರೆ ಕೇಳಿದ್ದು ತೆಂಗಿನ ಮರಕ್ಕೆ ಬೀಳುವ ದುಂಬಿಯ ಬಗ್ಗೆ ಒಬ್ಬ ಮಹನೀಯರ ಭಾಷಣ. ಮೂರೂವರೆಗೆ ಮುಗಿಯಬೇಕಾದದ್ದು ಮುಗಿಯಲಿಲ್ಲ. ದುಂಬಿ ಮೊಟ್ಟೆಯಿಟ್ಟಿತು, ಮರಿಯಾಯಿತು, ಸುಳಿ ಕೊರೆಯಿತು. ಮೂರು ಐವತ್ತಕ್ಕೆ ಮಹನೀಯರು ಔಷಧದ ವಿಷಯಕ್ಕೆ ಬಂದರು. ಧಕ್ಕೆಯಲ್ಲಿ ಬಸ್ಸಿನವರು ಹಾರನ್ ಹೊಡೆಯತೊಡಗಿದರು. ತಿಮ್ಮಣ್ಣ ನೀರನ್ನೇ ನೋಡುತ್ತಿದ್ದ.

ಕಾರ್ಯಕ್ರಮ ಶುರುವಾದಾಗ ನಾಲ್ಕಕ್ಕೆ ಐದು ನಿಮಿ‍ಷ. ಪದ ಎದ್ದಿತು, ಹಿಂದೆಯೇ ಮಾಸ್ತರ ಮದ್ದಳೆ. ನನಗೆ ತಾಳದ ಗಂಧವಿಲ್ಲ, ಆದರೂ ಆ ಬಯಲು ನೀರಿನ ಮೇಲೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬರುವಾಗ ಮೈ ಜುಮ್ಮೆಂದಿತು. ಭಾಗವತರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಮಡಚುತ್ತಿದ್ದರು. ಅತ್ತ ಮಾಸ್ತರು ಉಸಿರು ಹಿಡಿದಿದ್ದರು. ಮೀನಿನ ಹೆಂಗಸು ಸಹ "ಬೇಷ್" ಎಂದಳು. ಏಳು ನಿಮಿಷ, ಎಂಟು ನಿಮಿಷ. ಭಾಗವತರ ತಲೆ ಸಣ್ಣಗೆ ತೂಗಿತು. ಭಾಗೀರಥಕ್ಕ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿದ್ದರು. ಮುಕ್ತಾಯ ಹತ್ತಿರ ಬಂದಂತೆ ಮದ್ದಳೆ ಬಿರುಸಾಯಿತು.

ಆಗ ದನಿ ಕುಗ್ಗಿತು. ನೋಡಿದರೆ ಹೊನ್ನಾವರದ ತೆಂಗಿನ ತೋಟ ಮೆಲ್ಲಗೆ ಎಡಕ್ಕೆ ಸರಿಯುತ್ತಿದೆ. ನೀರು ತಿರುಗಿತ್ತು. ಲಂಗರಿನ ಹಗ್ಗದ ಮೇಲೆ ಜಂಗಲ್ ಜೀಪು ಸಮೇತ ಹೊರಳುತ್ತಿತ್ತು. "ತಿರುಗಿಸ್ರೀ! ಎಡಕ್ಕ! ಎಡಕ್ಕ!" ಎಂದು ಕಿರುಚಿದೆ. ತಿಮ್ಮಣ್ಣನ ನಾಲ್ವರು ಹುಟ್ಟು ಹಾಕಿದರು. ಇಸ್ಮಾಯಿಲ್ ರೂಢಿಯಂತೆ ಜೀಪಿಗೆ ಹಾರಿ ಸ್ಟೇರಿಂಗ್ ತಿರುಗಿಸಿದ. ಬುಟ್ಟಿ ಉರುಳಿ ಒಣಮೀನು ಹಲಗೆಯ ತುಂಬ ಹರಡಿತು. ನನಗೆ ಈಜು ಬಾರದೆಂಬುದೂ ಮರೆತು ನಾನು ಅಂಚಿನಲ್ಲಿ ಮೊಣಕಾಲೂರಿ ಕೈಯಿಂದ ನೀರು ತಳ್ಳುತ್ತಿದ್ದೆ. ಜಂಗಲ್ ಮತ್ತೆ ಈಶಾನ್ಯಕ್ಕೆ ಬಂದಾಗ ದನಿ ಗಟ್ಟಿಯಾಗಿ ಎದ್ದು ಬಂತು. "ಇಲ್ಲಿಗೆ ಯಕ್ಷಗಾನ ಪದಗಳು ಮುಕ್ತಾಯವಾದವು" ಎಂದಿತು.

 ನಾನು ರೇಡಿಯೋ ಬಂದ್ ಮಾಡಿದೆ. ಭಾಗೀರಥಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಭಾಗವತರು ಕಣ್ಣು ತೆರೆದು, ಎದ್ದು, ಶಾಲು ಸರಿಮಾಡಿಕೊಂಡು, ಜೀಪನ್ನು ಒಂದು ಸುತ್ತು ಬಂದು ಮಾಸ್ತರ ಎದುರಿಗೆ ನಿಂತರು. ಹನ್ನೆರಡು ವರ್ಷದ ಮೇಲೆ ಅಳಿಯನಿಗೆ ನೇರವಾಗಿ ಅವರಾಡಿದ ಮೊದಲ ಮಾತು ಇದು:

"ಮುಕ್ತಾಯದ ಹತ್ರ ಬಿಟ್ಟು ಓಡೂದು ನೀನೂ ಮಾಡಿದವನಲ್ಲ, ನಾನೂ ಮಾಡಿದವನಲ್ಲ. ತಾಳ ತಪ್ಪಿದ್ದು ಇವರ ಪೆಟ್ಟಿಗೆ."

"ಹೌದು ಮಾವ" ಎಂದರು ಮಾಸ್ತರು. ಆಮೇಲೆ ಸುಮ್ಮನಿರಲಾರದೆ, "ಆದ್ರೆ ನಾ ಅಲ್ಲಿ ಸಮನೇ ಬಾರ್ಸಿದ್ದೆ" ಎಂದರು.

"ಅದನ್ನ ನಾ ಕೇಳಿದ್ದೆನಾ?" ಭಾಗವತರ ದನಿ ಮೇಲೇರಿತು. ಎಲ್ಲ ಮತ್ತೆ ಮೊದಲಿಗೆ ಬಂತಲ್ಲ ಎಂದುಕೊಂಡೆ. ಆಗ ಭಾಗೀರಥಕ್ಕ ಜೀಪಿನ ಹಿಂದಿನ ಸೀಟಿನ ಕೆಳಗೆ ಕೈ ಹಾಕಿ ಒಂದು ಗೋಣಿ ಎಳೆದರು. ಗೋಣಿಯೊಳಗೆ ಮದ್ದಳೆಯಿತ್ತು. ಬೆಳಿಗ್ಗೆಯೇ ಯಾರಿಗೂ ಹೇಳದೆ ಇಟ್ಟಿದ್ದರು. ಅವರು ನನ್ನ ನಕಾಶೆಯನ್ನೂ ನಂಬಿರಲಿಲ್ಲ, ಹೊಳೆಯನ್ನೂ ನಂಬಿರಲಿಲ್ಲ. ಗಂಡನ ಮಡಿಲಲ್ಲಿ ಮದ್ದಳೆಯಿಟ್ಟು, "ಕೇಳಿಲ್ಲ ಅಂದ್ರೆ ಈಗ ಕೇಳು ಅಪ್ಪ. ಪದ ನೀನೇ ಹೇಳು" ಎಂದರು.

ಭಾಗವತರು ಅಲ್ಲೇ ಹಲಗೆಯ ಮೇಲೆ, ಒಣಮೀನುಗಳ ನಡುವೆ ಕೂತು ಗಂಟಲು ಸರಿಮಾಡಿಕೊಂಡರು. ಹಾಡಿದರು. ಜಂಗಲ್ ತನ್ನಷ್ಟಕ್ಕೆ ತಿರುಗುತ್ತಿತ್ತು, ಯಾರೂ ಅದನ್ನು ತಡೆಯಲಿಲ್ಲ. ಧಕ್ಕೆಯ ಬಸ್ಸು ಹಾರನ್ ನಿಲ್ಲಿಸಿತು. ಮುಕ್ತಾಯಕ್ಕೆ ಪದ, ಮದ್ದಳೆ ಎರಡೂ ಒಟ್ಟಿಗೆ ಬಂದು ಇಳಿದವು ಎಂದು ಬೇರೆಯವರು ಹೇಳಿದರು. ನನಗೆ ತಿಳಿದದ್ದು ಭಾಗವತರು "ಸಮ" ಎಂದದ್ದು ಮಾತ್ರ. ಆ ಸಂಜೆ ಅವರು ಹಿಂದಕ್ಕೆ ದೋಣಿ ಹತ್ತಲಿಲ್ಲ. ನಮ್ಮ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕರ್ಕಿಗೆ ಬಂದು ಮಗಳ ಮೆಟ್ಟಿಲು ಹತ್ತಿದರು.

ಉಳಿದ ತಿಂಗಳುಗಳಲ್ಲಿ ತಂತಿಯಿಂದ ದೂರ, ಗದ್ದೆ ಬಯಲುಗಳಲ್ಲಿ ನಿಂತು ಎಲ್ಲ ಜಾಗವನ್ನೂ ಮತ್ತೆ ಅಳೆದೆ. ಇಸ್ಮಾಯಿಲ್ ಚಹಾ ಫ್ಲಾಸ್ಕಿನಲ್ಲಿ ತಂದುಕೊಂಡ. ಶಿವರಾತ್ರಿಯ ಹೊತ್ತಿಗೆ ಸಾಹೇಬರೇ ಘಟ್ಟ ಇಳಿದು ಬಂದರು. ಜಂಗಲ್ ಮೇಲೆ ನಿಂತು, ಹೊಳೆಯ ನಡುವೆ ಮುಳ್ಳು ಏಳುವುದನ್ನು ಆಚೆ ದಡದವರೆಗೆ ನೋಡಿದರು. ನೆಲದ ಮೇಲೆ ಬರುವಾಗ ಸೊರಗುವ ಸಿಗ್ನಲು ಉಪ್ಪುನೀರು ಸಿಕ್ಕೊಡನೆ ಚೇತರಿಸಿಕೊಳ್ಳುತ್ತದೆ ಎಂದು ಆಮೇಲೆ ಅವರೇ ಪುಸ್ತಕ ಹುಡುಕಿ ನನಗೆ ವಿವರಿಸಿದರು, ತಾವೇ ಕಂಡುಹಿಡಿದವರ ಹಾಗೆ. ಹೊಸ ನಕಾಶೆಯಲ್ಲಿ ಕೆಂಪು ಗೆರೆ ವೃತ್ತವಾಗಿ ಉಳಿಯಲಿಲ್ಲ. ಕುಮಟಾದ ಹತ್ತಿರ ಒಳಕ್ಕೆ ಸರಿಯಿತು, ಕರ್ಕಿಯನ್ನು ಹೊರಗೆ ಬಿಟ್ಟಿತು, ಶರಾವತಿಯ ಬಾಯಿಯಲ್ಲಿ ಮಾತ್ರ ಬೆರಳಿನಷ್ಟು ಉಬ್ಬಿಕೊಂಡಿತು.

ಹೊರಡುವ ಹಿಂದಿನ ದಿನ ಆ ಉಬ್ಬನ್ನು ಭಾಗೀರಥಕ್ಕನಿಗೆ ತೋರಿಸಿದೆ. ಅವರು ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಮುಟ್ಟಿ ನೋಡಿ ನಕ್ಕರು. ಒಳಗೆ ಮಾವ ಅಳಿಯ ಇಬ್ಬರೂ ಯಾವುದೋ ಪದದ ಬಗ್ಗೆ ಜೋರಾಗಿ ವಾದಿಸುತ್ತಿದ್ದರು. ನನಗೆ ಬಹಳ ದಿನದಿಂದ ತಲೆಯಲ್ಲಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅಕ್ಕಾ, ಭಾಗವತರ ಮಗಳು ನೀವು. ನಿಮಗ ತಾಳ ತಿಳೀತೈತಿ. ಹನ್ನೆರಡು ವರ್ಷದ ಹಿಂದ ಆ ಚೌತಿ ದಿನ ತಪ್ಪಿದ್ದು ಯಾರು?"

ಅವರು ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇಬ್ರೂ. ಮೊದ್ಲು ಅಪ್ಪ ಒಂದು ಪೆಟ್ಟು ನುಂಗಿದ. ಅದನ್ನ ಸರಿ ಮಾಡೂಕೆ ಹೋಗಿ ಇವ್ರು ಒಂದು ಹೆಚ್ಚು ಹಾಕಿದ್ರು."

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಊರವ್ರನ್ನೆಲ್ಲ ಕೇಳಿದ್ರು ತಮಾ. ನನ್ನನ್ನ ಯಾರು ಕೇಳಿದ್ರು?"

ಕರ್ಕಿಯಲ್ಲಿ ಸ್ಟೇಷನ್ನು ಕೇಳುವುದಿಲ್ಲ ಎಂದು ಅವರು ಮೊದಲೇ, ಇದೇ ಜಗುಲಿಯಲ್ಲಿ ನಿಂತು ಹೇಳಿದ್ದರು. ಅದಕ್ಕೆ ನಾನು ಹಳೆಯ ನಕಾಶೆಯನ್ನು ಬಿಚ್ಚಿ ತೋರಿಸಿದ್ದೆ. ಈಗ ಹೊಸದನ್ನು ಮಡಚಿ ಪೆಟ್ಟಿಗೆಯೊಳಗೆ ಇಟ್ಟೆ.